ಹೊಕ್ಕುಳಬಳ್ಳಿಗೆ ಲಕ್ಷ, ಕಣ್ಣಿಗೆ ಮಣ್ಣು



ಚಂದ್ರಗುತ್ತಿಯ ಆಸುಪಾಸಿನ ತೋಟಗಳಲ್ಲಿ ಮಾವಿಗೆ ಕಸಿ ಕಟ್ಟುವುದನ್ನು ನೀವು ನೋಡಿರುತ್ತೀರಿ. ಎಳೆಯ ಗಿಡದ ಕಾಂಡವನ್ನು ಸೀಳಿ, ಒಳ್ಳೆಯ ಅಪ್ಪೆಮಿಡಿ ಮರದ ಕಡ್ಡಿಯನ್ನು ಅದರಲ್ಲಿ ಕೂರಿಸಿ, ಬಿಗಿಯಾಗಿ ಸುತ್ತುತ್ತಾರೆ. ತೊಗಟೆಯ ಕೆಳಗಿನ ತೆಳುವಾದ ಹಸಿ ಪದರಕ್ಕೆ ಹಸಿ ಪದರ ತಾಗಬೇಕು. ಅಲ್ಲಿನ ಜೀವಕೋಶಗಳು ವೃದ್ಧಿಯಾಗಿ ಎರಡು ಗಿಡಗಳನ್ನು ಒಂದು ಮಾಡುತ್ತವೆ. ಕಡ್ಡಿ ಒಣಗಿದ್ದರೆ ಎಂಥ ನಿಪುಣನ ಕೈಯೂ ಸೋಲುತ್ತದೆ. ಒಬ್ಬರ ಜೀವಂತ ಅಂಗಾಂಶವನ್ನು ಇನ್ನೊಬ್ಬರ ದೇಹದಲ್ಲಿ ನೆಲೆಗೊಳಿಸುವ ವೈದ್ಯರ ಕೆಲಸಕ್ಕೂ ನಮ್ಮ ಕನ್ನಡ ಇದೇ ‘ಕಸಿ’ ಎಂಬ ಮಾತನ್ನು ಬಳಸುತ್ತದೆ. ಎಷ್ಟು ಯೋಗ್ಯವಾದ ಮಾತು!

ದೇಹವು ಒಮ್ಮೆ ಕಟ್ಟಿ ಮುಗಿಸಿದ ಮನೆಯಲ್ಲ. ನಮ್ಮ ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕಿ ಅಳಿಯುತ್ತವೆ. ಎಲುಬಿನೊಳಗಿನ ಮಜ್ಜೆ ಹೊಸವನ್ನು ಹುಟ್ಟಿಸುತ್ತಲೇ ಇರುತ್ತದೆ. ಚರ್ಮ ಸವೆಯುತ್ತದೆ, ಅಡಿಯಿಂದ ಹೊಸದು ಬರುತ್ತದೆ. ಈ ನವೀಕರಣದ ಬೀಜರೂಪದ ಕಣಗಳಿಗೇ ಸ್ಟೆಮ್ ಸೆಲ್, ಅಂದರೆ ಆಕರಕೋಶ ಎಂದು ಹೆಸರು. ರಕ್ತದ ಕ್ಯಾನ್ಸರ್, ಥಲಸ್ಸೇಮಿಯ ಮುಂತಾದ ಕಾಯಿಲೆಗಳಿಗೆ ಇನ್ನೊಬ್ಬರ ಮಜ್ಜೆಯನ್ನು ಕಸಿ ಮಾಡುವ ಚಿಕಿತ್ಸೆ ನಮ್ಮ ದೇಶದಲ್ಲಿ ಹೊಸದಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1986ರಲ್ಲಿ ಅದು ಆರಂಭವಾಯಿತು. ಇದು ಪರೀಕ್ಷೆಗೆ ನಿಂತು ಗೆದ್ದ ವಿದ್ಯೆ.

ಹಾಗಾದರೆ ನನ್ನ ಜಗಳ ಯಾರೊಂದಿಗೆ? ಮೊದಲು ಮಾರಾಟಗಾರರೊಂದಿಗೆ. ಹೆರಿಗೆ ಆಸ್ಪತ್ರೆಗಳ ವರಾಂಡದಲ್ಲಿ ಬಸುರಿಯರ ಕೈಗೆ ಬಣ್ಣದ ಕರಪತ್ರ ಬರುತ್ತದೆ. ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಶೀತಲ ತೊಟ್ಟಿಯಲ್ಲಿ ಕಾಪಿಟ್ಟರೆ ನಾಳೆ ಯಾವ ರೋಗ ಬಂದರೂ ಆ ಮಗುವಿಗೆ ಅದೇ ಮದ್ದು ಎಂಬ ಭರವಸೆ. ಹತ್ತಾರು ಸಾವಿರ, ಕೆಲವೊಮ್ಮೆ ಲಕ್ಷ ರೂಪಾಯಿಯ ಮಾತು. ಅಡಿಕೆ ಮಾರಿದ ಹಣವೋ, ಗಲ್ಫಿನಿಂದ ಬಂದ ಹಣವೋ ಅದಕ್ಕೆ ಸುರಿಯುತ್ತದೆ. ಸ್ವಲ್ಪ ಯೋಚಿಸಿ. ಥಲಸ್ಸೇಮಿಯದಂಥ ವಂಶವಾಹಿ ದೋಷ ಆ ಮಗುವಿನಲ್ಲಿದ್ದರೆ ಅದೇ ದೋಷ ಅದರ ಹೊಕ್ಕುಳಬಳ್ಳಿಯ ರಕ್ತದಲ್ಲೂ ಇರುತ್ತದೆ. ಹುಳುಕು ಬೀಜವನ್ನು ತಿಜೋರಿಯಲ್ಲಿಟ್ಟರೆ ಒಳ್ಳೆಯ ಬೀಜವಾದೀತೆ? 1988ರಲ್ಲಿ ಪ್ಯಾರಿಸ್ಸಿನಲ್ಲಿ ಇಂಥ ರಕ್ತದಿಂದ ಮೊತ್ತಮೊದಲ ಕಸಿ ನಡೆದಾಗ ಬಾಲಕನನ್ನು ಉಳಿಸಿದ್ದು ಅವನದೇ ರಕ್ತವಲ್ಲ, ಹೊಸದಾಗಿ ಹುಟ್ಟಿದ ಅವನ ತಂಗಿಯದು. ಮನೆಯಲ್ಲಿ ಆಗಲೇ ಒಂದು ಮಗು ಅಂಥ ಕಾಯಿಲೆಯಿಂದ ಬಳಲುತ್ತಿದ್ದರೆ ಮುಂದಿನ ಮಗುವಿನ ರಕ್ತವನ್ನು ಕಾಪಿಡಲು ವೈದ್ಯರು ಹೇಳಬಹುದು; ಅದು ಬೇರೆ ಮಾತು. ಈಚೆಗೆ ಕೆಲವು ಸಂಸ್ಥೆಗಳು ಹಣ ಕಟ್ಟಿದವರೆಲ್ಲರ ನಡುವೆ ಹಂಚಿಕೊಳ್ಳುವ ಯೋಜನೆಯನ್ನೂ ತಂದಿವೆ. ಅದರಲ್ಲಿ ಅಷ್ಟಿಷ್ಟು ಅರ್ಥವಿದೆ, ಆದರೆ ಹಣ ಕಟ್ಟಲಾರದ ಕೂಲಿಯವನ ಮಗು ಆ ಪಂಕ್ತಿಯಿಂದ ಹೊರಗೆ.

ಇದಕ್ಕಿಂತ ಕ್ರೂರವಾದ ವ್ಯಾಪಾರವೂ ಇದೆ. ಬುದ್ಧಿಮಾಂದ್ಯ ಮಗುವಿಗೆ, ಆಟಿಸಂ ಇರುವ ಮಗುವಿಗೆ, ಬೆನ್ನುಹುರಿ ಮುರಿದ ಯುವಕನಿಗೆ ಸ್ಟೆಮ್ ಸೆಲ್ ಚುಚ್ಚುಮದ್ದು ಎಂದು ಜಾಹೀರಾತು ನೀಡಿ, ತಾಯಿಯ ಕೊರಳ ಸರವನ್ನು ಅಡವಿಡಿಸುವವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿತು: ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿಯನ್ನು ಬಿಟ್ಟರೆ ಉಳಿದೆಲ್ಲ ಸ್ಟೆಮ್ ಸೆಲ್ ಪ್ರಯೋಗಗಳು ಸಂಶೋಧನೆಯೇ ಹೊರತು ಚಿಕಿತ್ಸೆಯಲ್ಲ. ಸಂಶೋಧನೆಗೆ ಒಳಪಡುವವನಿಂದ ಹಣ ಕೀಳುವುದು ಯಾವ ನ್ಯಾಯ? ನಿಮ್ಮಲ್ಲಿ ಯಾರಾದರೂ ಅಂಥ ಕಡೆ ಹೊರಟಿದ್ದರೆ, ದಯವಿಟ್ಟು ಮುಂಗಡ ಕೊಡುವ ಮೊದಲು ನಿಮ್ಮ ಸರಕಾರಿ ಮೆಡಿಕಲ್ ಕಾಲೇಜಿನ ವೈದ್ಯರನ್ನು ಒಮ್ಮೆ ಕೇಳಿರಿ.

ನನ್ನ ಎರಡನೆಯ ಜಗಳ ನಮ್ಮವರೊಂದಿಗೇ. ‘ಧರ್ಮಸಭೆ ಸ್ಟೆಮ್ ಸೆಲ್ ವಿರೋಧಿ’ ಎಂದು ಎಲ್ಲೋ ಅರ್ಧ ಕೇಳಿದವರು ಅದನ್ನೇ ಸಭಾಬೋಧನೆಯೆಂದು ಹರಡುತ್ತಾರೆ. ಧರ್ಮಸಭೆ ಬೇಡವೆಂದದ್ದು ಭ್ರೂಣವನ್ನು ಕೊಂದು ಅದರಿಂದ ಕಣಗಳನ್ನು ಪಡೆಯುವುದನ್ನು. ಆ ನಿಲುವಿನಲ್ಲಿ ಎಳ್ಳಷ್ಟೂ ಸಡಿಲವಿಲ್ಲ, ಇರಲೂ ಕೂಡದು. ಒಬ್ಬನನ್ನು ಉಳಿಸಲು ಇನ್ನೊಬ್ಬನನ್ನು ಕಚ್ಚಾ ಸಾಮಗ್ರಿ ಮಾಡುವಂತಿಲ್ಲ. ಆದರೆ ವಯಸ್ಕರ ಅಂಗಾಂಶದಿಂದ, ಹೆರಿಗೆಯ ಸಮಯದಲ್ಲಿ ಹೊಕ್ಕುಳಬಳ್ಳಿಯ ರಕ್ತದಿಂದ, ಯಾರಿಗೂ ಕೇಡಾಗದಂತೆ ಪಡೆಯುವುದು ಸಮ್ಮತವೆಂದು 2008ರ ‘ದಿಗ್ನಿತಾಸ್ ಪೆರ್ಸೋನೆ’ ಎಂಬ ವ್ಯಾಟಿಕನ್ ಬೋಧನಾ ಪತ್ರ ಬಿಡಿಸಿ ಹೇಳಿದೆ. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಸಾಮಾನ್ಯ ಚರ್ಮಕೋಶವನ್ನೇ ಆಕರಕೋಶದ ಸ್ಥಿತಿಗೆ ಮರಳಿಸಿ ತೋರಿಸಿದರು. 2012ರಲ್ಲಿ ಅವರಿಗೆ ನೊಬೆಲ್ ಬಂತು. ಭ್ರೂಣವಿಲ್ಲದೆ ದಾರಿಯೇ ಇಲ್ಲವೆಂದು ನಮ್ಮನ್ನು ಹಳಬರೆಂದು ನಕ್ಕವರು ಅನಂತರ ಅದರ ಬಗ್ಗೆ ಹೆಚ್ಚು ಮಾತನಾಡಲಿಲ್ಲ!

ಪ್ರಯೋಗಾಲಯದಲ್ಲಿ ಬೆಳೆಸಿದ ಅಂಗಾಂಶ ಎಂದರೇ ಮೈಲಿಗೆ ಎನ್ನುವವರು ತಮ್ಮ ತೋಳನ್ನು ನೋಡಿಕೊಳ್ಳಲಿ. ಕ್ಯಾಸನೂರು ಕಾಡು ನಮ್ಮ ಸೊರಬ ತಾಲ್ಲೂಕಿನದೇ. 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬಿದ್ದು, ಮಂಗನ ಕಾಯಿಲೆಯ ವೈರಸ್ ಪತ್ತೆಯಾಯಿತು. ಅನಂತರ ಮಲೆನಾಡಿನ ಜನರಿಗೆ ವರ್ಷಾನುಗಟ್ಟಲೆ ಚುಚ್ಚಿದ ಲಸಿಕೆ ತಯಾರಾದದ್ದು ಕೋಳಿಯ ಭ್ರೂಣದ ಜೀವಂತ ಕೋಶಗಳಲ್ಲಿ. ಆ ಲಸಿಕೆಯ ಪರಿಣಾಮ ಸಾಲದೆಂದು ಈಚಿನ ವರ್ಷಗಳಲ್ಲಿ ಅದನ್ನು ನಿಲ್ಲಿಸಿದ್ದಾರೆ. ಆದರೆ ಅದನ್ನು ಹಾಕಿಸಿಕೊಂಡದ್ದು ಪಾಪವೆಂದು ಯಾವ ಗುರುವೂ ಹೇಳಲಿಲ್ಲ.

ಇನ್ನು ಕಣ್ಣಿನ ಮಾತು. ಭತ್ತದ ಗರಿಯೋ ಹೊಟ್ಟೋ ತಗುಲಿ ಕಣ್ಣಿನ ಪಾರದರ್ಶಕ ಪದರವಾದ ಕಾರ್ನಿಯಾ ಹುಣ್ಣಾಗಿ ಬೆಳ್ಳಗಾದವರು ನಮ್ಮ ಗದ್ದೆಗಳ ಸೀಮೆಗೆ ಅಪರಿಚಿತರಲ್ಲ. ಎಲೆಅಡಿಕೆಯ ಸುಣ್ಣ ಸಿಡಿದು ಕಣ್ಣು ಸುಟ್ಟುಕೊಳ್ಳುವ ಮಕ್ಕಳಿದ್ದಾರೆ. ಸುಣ್ಣ ಸುಡುವುದು ಕಪ್ಪು–ಬಿಳುಪು ಸೇರುವ ಅಂಚನ್ನು. ಕಾರ್ನಿಯಾವನ್ನು ಹೊಸದಾಗಿಸುವ ಆಕರಕೋಶಗಳ ನೆಲೆ ಅದೇ. ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯ ವೈದ್ಯರು 2012ರಲ್ಲಿ ಪ್ರಕಟಿಸಿದ ಸರಳ ವಿಧಾನದಲ್ಲಿ ಒಳ್ಳೆಯ ಕಣ್ಣಿನಿಂದ ಆ ಅಂಚಿನ ಅಲ್ಪ ಚೂರನ್ನು ತೆಗೆದು, ಕೆಟ್ಟ ಕಣ್ಣಿನ ಮೇಲೆ ಹಾಸಿದ ಪೊರೆಯಲ್ಲಿ ನೆಡುತ್ತಾರೆ. ಆ ಪೊರೆ ಯಾವುದು ಬಲ್ಲಿರಾ? ಹೆರಿಗೆಯಾದ ಮೇಲೆ ನಾವು ಹೂಳುವ ಮಾಸಿನ ಒಳಪೊರೆ!

ಪುನೀತ್ ರಾಜಕುಮಾರ್ ಅವರು 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ, ತಂದೆ ಡಾ. ರಾಜಕುಮಾರ್ ಅವರಂತೆ ಅವರ ಕಣ್ಣುಗಳೂ ದಾನವಾದವು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಒಂದೊಂದು ಕಾರ್ನಿಯಾದ ಮುಂಪದರ, ಹಿಂಪದರಗಳನ್ನು ಬಿಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟರು. ಉಳಿದ ಅಂಚನ್ನೂ ಎಸೆಯದೆ ಆಕರಕೋಶಗಳ ಸಂಶೋಧನೆಗೆ ಕಳುಹಿಸಿದರು. ಆ ವಾರ್ತೆ ಓದಿ ಕಣ್ಣೊರೆಸಿಕೊಂಡ ನಮ್ಮ ಎಷ್ಟು ಮನೆಗಳಲ್ಲಿ ಅನಂತರದ ಸಾವಿನ ದಿನ ಯಾರಾದರೂ ನೇತ್ರಬ್ಯಾಂಕಿಗೆ ಫೋನು ಮಾಡಿದಿರಿ? ಮಜ್ಜೆಯ ವಿಷಯವೂ ಹಾಗೆಯೇ. ದಾನಿಗಳ ನೋಂದಣಿಗೆ ಚೆನ್ನೈನ ದಾತ್ರಿ ಸಂಸ್ಥೆ 2009ರಿಂದ ಇದೆ. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಕೊಟ್ಟರೆ ಹೆಸರು ಸೇರುತ್ತದೆ. ನಮ್ಮ ಯುವಜನ ಸಂಘಗಳು ಕ್ರಿಕೆಟ್ ಪಂದ್ಯಕ್ಕೆ ತೋರುವ ಉತ್ಸಾಹದಲ್ಲಿ ಕಾಲುಪಾಲು ಸಾಕು.

‘ಕಣ್ಣು ಕೊಟ್ಟರೆ ಪುನರುತ್ಥಾನದ ದಿನ ದೇವರನ್ನು ಕಾಣುವುದು ಹೇಗೆ, ಫಾದರ್?’ ಎಂದು ಕೇಳುವವರು ಇಂದಿಗೂ ಇದ್ದಾರೆ. ಸಂತ ಫ್ರಾನ್ಸಿಸ್ ಕ್ಸೇವಿಯರರ ಪವಿತ್ರ ಶರೀರ ಹಳೆ ಗೋವೆಯಲ್ಲಿದೆ, 2024ರ ಕೊನೆಯಲ್ಲಿ ಅದರ ದರ್ಶನಕ್ಕೆ ಬಸ್ಸು ಮಾಡಿಕೊಂಡು ಹೋದವರಿದ್ದೀರಿ. 1614ರಲ್ಲಿ ಬೇರ್ಪಡಿಸಿದ ಅವರ ಬಲಗೈ ಇರುವುದು ರೋಮಿನಲ್ಲಿ. ಆ ಸಂತರು ಒಂಟಿ ಕೈಯಲ್ಲಿ ಎದ್ದು ಬರುತ್ತಾರೆಂದು ಯಾರಾದರೂ ಚಿಂತಿಸಿದಿರಾ? ಬಿತ್ತಿದ ಕಾಳು ಕೊಳೆತು ಮಣ್ಣಾಗುತ್ತದೆ, ಏಳುವ ಪೈರು ದೇವರು ಕೊಡುವ ದೇಹ ಎಂಬುದು ಸಂತ ಪೌಲರು ಕೊರಿಂಥದವರಿಗೆ ಕಲಿಸಿದ ಪಾಠ. ಅಂಗದಾನವನ್ನು ಜೀವಪರ ಸಂಸ್ಕೃತಿಯ ನಿತ್ಯದ ಶೂರಕಾರ್ಯಗಳಲ್ಲಿ ಒಂದೆಂದು ಜಗದ್ಗುರು ಎರಡನೆಯ ಜಾನ್ ಪೌಲರು 1995ರ ವಿಶ್ವಪತ್ರದಲ್ಲಿ ಹೊಗಳಿದ್ದಾರೆ. ಹಾಗಾಗಿ ಧರ್ಮವನ್ನು ನೆಪವಾಗಿ ಮುಂದೊಡ್ಡಬೇಡಿ. ಅಳುವ ಮನೆಯಲ್ಲಿ ಈ ಮಾತೆತ್ತಲು ಸಂಕೋಚ ಎನ್ನಿ, ಅದನ್ನು ಒಪ್ಪುತ್ತೇನೆ.

ಆ ಸಂಕೋಚಕ್ಕೆ ನಿಜವಾದ ಶತ್ರು ಗಡಿಯಾರ. ಕಣ್ಣನ್ನು ಮರಣದ ಆರು ಗಂಟೆಯೊಳಗೆ ತೆಗೆಯಬೇಕು. ಚಂದ್ರಗುತ್ತಿಯಿಂದ ಸೊರಬ, ಶಿಕಾರಿಪುರ ದಾಟಿ ಶಿವಮೊಗ್ಗ ಮುಟ್ಟಲು ಎರಡು–ಮೂರು ಗಂಟೆ ಬೇಕು. ಅಲ್ಲಿಂದ ತಂಡ ಬರಲಿಕ್ಕೂ ಅಷ್ಟೇ. ತರಬೇತಿ ಪಡೆದ ತಂತ್ರಜ್ಞರೇ ಈ ಕೆಲಸ ಮಾಡಬಲ್ಲರು, ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಅಂಥವರೊಬ್ಬರು ತಾಲ್ಲೂಕು ಆಸ್ಪತ್ರೆಯಲ್ಲಿ ಇರಲೆಂದು ನಮ್ಮ ಧರ್ಮಕೇಂದ್ರಗಳ ಪಾಲನಾ ಪರಿಷತ್ತುಗಳು ಶಾಸಕರಿಗೂ ಜಿಲ್ಲಾ ಆರೋಗ್ಯಾಧಿಕಾರಿಗೂ ಮನವಿ ಕೊಡಬೇಕು. ಮೃತರ ಸ್ಮರಣೆಯ ನವೆಂಬರ್ ತಿಂಗಳೊಳಗೆ ಅದು ಆಗಲಿ.

ಅಲ್ಲಿಯವರೆಗೆ, ಸಾವಾದ ಮನೆಯವರು ಕಾಯದೆ ಮೊದಲ ಗಂಟೆಯಲ್ಲೇ ನೇತ್ರಬ್ಯಾಂಕಿಗೆ ತಿಳಿಸಲಿ. ವಯಸ್ಸಾಗಿತ್ತು, ಕನ್ನಡಕವಿತ್ತು, ಪೊರೆಯ ಆಪರೇಷನ್ ಆಗಿತ್ತು ಎಂದು ಹಿಂಜರಿಯಬೇಡಿ. ಕಣ್ಣು ಯೋಗ್ಯವೋ ಅಲ್ಲವೋ ವೈದ್ಯರು ನೋಡಿಕೊಳ್ಳುತ್ತಾರೆ. ರೆಪ್ಪೆಗಳನ್ನು ಮುಚ್ಚಿ ಅವುಗಳ ಮೇಲೆ ಒದ್ದೆ ಹತ್ತಿ ಇಡಿ. ತಲೆಯ ಕೆಳಗೆ ದಿಂಬು ಕೊಡಿ. ಫ್ಯಾನ್ ಆರಿಸಿ.