ಕಂಪ್ಯೂಟರಿನ ಮಳೆಯೂ ನಮ್ಮ ಹೊಲದ ಮಳೆಯೂ

2009ನೆಯ ಇಸವಿಯನ್ನು ನಮ್ಮ ಕಡೆಯ ರೈತ ಮರೆತಿಲ್ಲ. ದೇಶಕ್ಕೇ ಬರದ ವರ್ಷ ಅದು, ಮುಂಗಾರು ಶೇಕಡಾ 22ರಷ್ಟು ಕಡಿಮೆ. “ಮಳಿ ಹೋತು” ಅಂತ ಕೈಚೆಲ್ಲಿ ಕುಂತಾಗ ಸೆಪ್ಟೆಂಬರ್ ಕೊನೆಗೆ ಹಸ್ತಾ ಮಳೆ ಹಿಡಿಯಿತು, ಅಕ್ಟೋಬರ್ ಬಂದರೂ ಬಿಡಲಿಲ್ಲ. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಡೋಣಿ ಹರಿದರೆ ಓಣಿ ತುಂಬ ಜೋಳ ಎಂಬ ಹಿರಿಯರ ಮಾತು ಬಾಗೇವಾಡಿ, ಮುದ್ದೇಬಿಹಾಳದ ಎರೆಹೊಲಗಳಲ್ಲಿ ತಿರುವುಮುರುವಾಯಿತು. 2020ರ ಅಕ್ಟೋಬರಿನಲ್ಲಿ ಇಂಡಿ, ಸಿಂದಗಿಯವರ ಪಾಳಿ: ಭೀಮೆ ಹೊಲ ದಾಟಿ ಊರಿಗೇ ಬಂದಳು.

ಇಂಥ ಮಳೆಯನ್ನು ಮೊದಲೇ ಹೇಳುವ ಯಂತ್ರ ಬಂದಿದೆ ಎನ್ನುತ್ತಾರೆ. ಬಂದದ್ದು ಖರೆ. ಪುಣೆಯ ವಿಜ್ಞಾನಿಗಳು ಕಟ್ಟಿದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ 2025ರ ಮೇ ತಿಂಗಳಲ್ಲಿ ಶುರುವಾಯಿತು. ಮೊದಲು 12 ಕಿ.ಮೀ. ಚೌಕದಲ್ಲಿ ಹಾಕುತ್ತಿದ್ದ ಲೆಕ್ಕವನ್ನು ಈಗ 6 ಕಿ.ಮೀ. ಚೌಕದಲ್ಲಿ ಹಾಕುತ್ತಾರೆ.

ಚೌಕದ ಮಾತು ರೈತನಿಗೆ ತಿಳಿಯಬೇಕು. ಮುಂದಿನ ಐವತ್ತು ವರ್ಷದ ಹವೆ ಹೇಳುವ ಹಳೆಯ ಮಾದರಿಗಳಲ್ಲಿ ಒಂದು ಚೌಕದ ಮಗ್ಗಲು ಸುಮಾರು 100 ಕಿ.ಮೀ. ನಮ್ಮ ಜಿಲ್ಲೆ ಇಡಿಯಾಗಿ ಸುಮಾರು 10,500 ಚದರ ಕಿ.ಮೀ. ಅಂದರೆ ಎಲ್ಲ ತಾಲ್ಲೂಕು ಸೇರಿ ಹೆಚ್ಚುಕಡಿಮೆ ಒಂದೇ ಚೌಕ, ಒಂದೇ ಮಳೆ! ಒಂದು ಊರಿನ ಮೇಲೆ ಒಡೆಯುವ ಮೋಡ ಆ ಲೆಕ್ಕದ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ಅವು ದಿನಾ ಜಿಟಿಜಿಟಿ ಸುರಿಸಿ, ದೊಡ್ಡ ಮಳೆಯನ್ನು ಸಣ್ಣದು ಮಾಡಿ ತೋರಿಸುತ್ತವೆ. ಚೌಕ ಸಣ್ಣದಾದಷ್ಟು ದೊಡ್ಡ ಮಳೆಯ ಅಳತೆ ಖರೆಗೆ ಹತ್ತಿರ ಬರುತ್ತದೆ. ಸಹ್ಯಾದ್ರಿಯ ಗುಡ್ಡ ಗುಡ್ಡವಾಗಿಯೇ ಕಾಣುವುದರಿಂದ ಘಟ್ಟದ ಮಳೆಗೆ ಇದರಿಂದ ಬಲು ಅನುಕೂಲ. ನಮ್ಮದು ಮಳೆ ಮರೆಯ ಬಯಲು. ಇಲ್ಲಿ ಗುಡುಗಿನ ಮೋಡ, ಇಲ್ಲವೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ. ನಾಲ್ಕು ಕಿ.ಮೀ.ಗಿಂತ ಸಣ್ಣ ಚೌಕಕ್ಕೆ ಇಳಿದರೆ ಲೆಕ್ಕದೊಳಗೆ ಮೋಡ ತಾನೇ ಏಳುತ್ತದೆ, ಆದರೆ ಎಷ್ಟೋ ಸಲ ಬೇಕಾದ್ದಕ್ಕಿಂತ ಹೆಚ್ಚು ಸುರಿಯುತ್ತದೆ, ಜಾಗವನ್ನೂ ತಪ್ಪುತ್ತದೆ. ಸಿಂದಗಿಗೆ ಹೇಳಿದ್ದು ಇಂಡಿಯಲ್ಲಿ ಬಿದ್ದರೆ ವಿಜ್ಞಾನಿಗೆ ಅದು ಸಣ್ಣ ತಪ್ಪು. ಸೊಸೈಟಿ ಸಾಲ ತಂದು ತೊಗರಿ ಬಿತ್ತಿದವನಿಗೆ?

ವಿಜ್ಞಾನವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಹವೆ ಒಂದು ಡಿಗ್ರಿ ಕಾದರೆ ಗಾಳಿ ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿಯುತ್ತದೆ. ಬಿದ್ದರೆ ಜೋರಾಗಿ ಬೀಳುವ ದಿನಗಳು ಹೆಚ್ಚುತ್ತವೆ ಎಂಬ ಮಾದರಿಗಳ ಮಾತನ್ನು ನಂಬಬೇಕು. ಮಧ್ಯಭಾರತದ 1951ರಿಂದ 2000ದ ಮಳೆಲೆಕ್ಕವೂ ಅದನ್ನೇ ಹೇಳಿದೆ. ಯಾವ ಊರು, ಯಾವ ದಿನ ಎಂಬುದನ್ನು ಮಾತ್ರ ಆ ದೂರದ ಲೆಕ್ಕದಿಂದ ಕೇಳಬಾರದು.

ನಮ್ಮ ತಕರಾರು ಬೇರೆ. ನಾಳೆ ಯಾವನೋ ವಿಮೆಯವನು “ನಮ್ಮ ಕಂಪ್ಯೂಟರಿನಲ್ಲಿ ನಿಮ್ಮೂರಿಗೆ ಅಷ್ಟು ಮಳೆ ಇಲ್ಲ” ಅಂದರೆ ಏನು ಮಾಡುವುದು? ಫಸಲ್ ಬಿಮಾದಲ್ಲಿ ಹೊಲಕ್ಕೆ ನೀರು ನುಗ್ಗಿದರೆ 72 ತಾಸಿನೊಳಗೆ ತಿಳಿಸಬೇಕು. ಮುಖ್ಯ ಬೆಳೆಗಳ ಇಳುವರಿಯ ಲೆಕ್ಕ ಗ್ರಾಮ ಪಂಚಾಯತಿ ಮಟ್ಟದ್ದು. ಹವಾಮಾನ ಆಧಾರಿತ ವಿಮೆಯಲ್ಲಂತೂ ಮಳೆಮಾಪಕದ ಅಂಕಿಯೇ ದುಡ್ಡು. ಮಾದರಿಯ ಮಳೆ ಎಚ್ಚರಿಕೆಗೆ ಇರಲಿ, ಪರಿಹಾರಕ್ಕೆ ಬಿದ್ದ ಮಳೆಯೇ ಆಧಾರವಾಗಲಿ. ಹೇಳಿದ್ದೆಷ್ಟು, ಬಿದ್ದದ್ದೆಷ್ಟು ಎಂಬುದನ್ನು ಹೋಬಳಿವಾರು ಪ್ರತಿ ವರ್ಷ ಸರಕಾರ ಪ್ರಕಟಿಸಲಿ.

ಅಲ್ಲಿಯತನಕ ನಿಮ್ಮ ಪಂಚಾಯತಿಯ ಮಳೆಮಾಪಕ ನಡೆಯುತ್ತದೋ, ಜೇಡ ಬಲೆ ಕಟ್ಟಿದೆಯೋ, ಈ ವಾರವೇ ನಾಲ್ಕು ಮಂದಿ ಕೂಡಿ ಹೋಗಿ ನೋಡಿರಿ.