ಗಿಟಾರ್ ಹಿಡಿದ ಮಂತ್ರಿ

ಕೈಯಲ್ಲಿ ಪದವಿ, ದೊಡ್ಡ ಕಂಪನಿಯಲ್ಲಿ ನೌಕರಿ. ಅದನ್ನು ಬಿಟ್ಟು ಮಗ ಹಾಡು ಕಟ್ಟಲು ಹೊರಟರೆ ಹೆತ್ತವರಿಗೆ ದಿಗಿಲಾಗುವುದು ಸಹಜ. ಆಫ್ರಿಕ ಮೂಲದ ಬ್ರೆಜಿಲ್ ಗಾಯಕ, ಗೀತರಚನಕಾರ ಗಿಲ್ಬರ್ಟೊ ಗಿಲ್ ಹಿಡಿದದ್ದು ಇದೇ ದಾರಿ.

ಗಿಲ್ ಹುಟ್ಟಿದ್ದು 1942ರಲ್ಲಿ, ಬಹಿಯಾ ರಾಜ್ಯದ ಸಾಲ್ವಡಾರ್ ನಗರದಲ್ಲಿ. ಆಫ್ರಿಕದಿಂದ ಗುಲಾಮರಾಗಿ ಬಂದವರ ಸಂತತಿಯೇ ಅಲ್ಲಿ ಹೆಚ್ಚು. ತಂದೆ ವೈದ್ಯರು, ತಾಯಿ ಶಿಕ್ಷಕಿ. ಒಳನಾಡಿನ ಸಣ್ಣ ಊರಿನಲ್ಲಿ ಬೆಳೆಯುತ್ತಿದ್ದ ಮಗನ ಸಂಗೀತದ ಹುಚ್ಚನ್ನು ತಾಯಿ ಗದರಲಿಲ್ಲ. ಅಕಾರ್ಡಿಯನ್ ಕೊಡಿಸಿ, ಹತ್ತನೇ ವಯಸ್ಸಿಗೆ ನಗರದ ಸಂಗೀತ ಶಾಲೆಗೆ ಸೇರಿಸಿದರು. ಮುಂದೆ ಗಿಟಾರ್ ಬಂತು. ಆದರೆ ಓದು ನಿಲ್ಲಲಿಲ್ಲ. ವ್ಯವಹಾರ ಆಡಳಿತದಲ್ಲಿ ಪದವಿ ಪಡೆದ ಗಿಲ್, 1965ರಲ್ಲಿ ಸಾವೊ ಪಾಲೊಗೆ ಹೋಗಿ ಹೆಸರಾಂತ ಸಾಬೂನು ಕಂಪನಿಯೊಂದನ್ನು ಸೇರಿದರು. ಹಾಡುಗಳು ಜನರ ಬಾಯಲ್ಲಿ ನಲಿಯತೊಡಗಿದ ಮೇಲಷ್ಟೇ ನೌಕರಿ ಬಿಟ್ಟರು.

1967ರ ಟಿ.ವಿ. ಗೀತಸ್ಪರ್ಧೆಯಲ್ಲಿ ಅವರು ಬಿಲ್ಲಿನಾಕಾರದ ಒಂಟಿ ತಂತಿಯ ಜಾನಪದ ವಾದ್ಯ ಬೆರಿಂಬಾವು ಜತೆಗೆ ಎಲೆಕ್ಟ್ರಿಕ್ ಗಿಟಾರನ್ನೂ ವೇದಿಕೆಗೆ ತಂದರು. ಎರಡನೇ ಬಹುಮಾನ ಬಂತು. ಗೆಳೆಯ ಕೇಟಾನೊ ವೆಲೋಸೊ ಮತ್ತಿತರರೊಡನೆ ಅವರು ಬೆಳೆಸಿದ ಈ ಹೊಸ ಚಳವಳಿಯೇ ‘ಟ್ರಾಪಿಕಾಲಿಯಾ’. ದೇಶವನ್ನು ಆಳುತ್ತಿದ್ದ ಸೇನಾಡಳಿತಕ್ಕೆ ಈ ಸ್ವಾತಂತ್ರ್ಯ ಸಹಿಸಲಿಲ್ಲ. 1968ರ ಡಿಸೆಂಬರಿನಲ್ಲಿ ಇಬ್ಬರನ್ನೂ ಸೆರೆಗೆ ತಳ್ಳಿತು. ಅಲ್ಲಿ ಗಿಟಾರ್ ಸಿಕ್ಕಿದ್ದೇ ತಡ, ಗಿಲ್ ಹಾಡು ಕಟ್ಟತೊಡಗಿದರು. 1969ರಲ್ಲಿ ದೇಶವನ್ನೇ ಬಿಡಬೇಕಾಯಿತು. ಲಂಡನ್ನಿನ ವಾಸ ಮುಗಿಸಿ ಮರಳಿದ್ದು 1972ರಲ್ಲಿ.

ಮರಳಿದ ಗಿಲ್ ತಮ್ಮ ಬೇರುಗಳತ್ತ ತಿರುಗಿದರು. ಸಾಲ್ವಡಾರ್ ಬಂದರಿನ ಕೂಲಿಗಳು 1949ರಲ್ಲಿ, ಮಹಾತ್ಮರ ಹತ್ಯೆಯಾದ ಮರುವರ್ಷ, ‘ಗಾಂಧಿಯ ಮಕ್ಕಳು’ ಎಂಬ ಹೆಸರಿನ ಮೆರವಣಿಗೆ ತಂಡ ಕಟ್ಟಿದ್ದರು. ಬಿಳಿಯುಡುಗೆ, ತಲೆಗೆ ರುಮಾಲು, ಬಾಯಲ್ಲಿ ಆಫ್ರಿಕದ ಹಾಡು. 1970ರ ದಶಕದಲ್ಲಿ ಕಳೆಗುಂದಿದ್ದ ಈ ತಂಡವನ್ನು ಗಿಲ್ ಸೇರಿದರು, ಅದರ ಮೇಲೆ ಹಾಡನ್ನೂ ಬರೆದರು. ತಂಡ ಮತ್ತೆ ಚಿಗುರಿತು.

2003ರಲ್ಲಿ, ಒಮ್ಮೆ ಸರ್ಕಾರವೇ ಹೊರಗಟ್ಟಿದ್ದ ಈ ಗಾಯಕ ಅದೇ ದೇಶದ ಸಂಸ್ಕೃತಿ ಸಚಿವರಾದರು! ಅದೇ ವರ್ಷ ವಿಶ್ವಸಂಸ್ಥೆಯ ಸಭಾಂಗಣದಲ್ಲಿ ಅವರು ಹಾಡಿದಾಗ ಮಹಾ ಕಾರ್ಯದರ್ಶಿ ಕೋಫಿ ಅನ್ನಾನ್ ತಾಳವಾದ್ಯ ನುಡಿಸಿದರು. ಬಡ ಬಡಾವಣೆ, ಹಳ್ಳಿಗಳ ಕಲಾತಂಡಗಳಿಗೆ ಹಣದ ಜತೆಗೆ ಕಂಪ್ಯೂಟರ್, ಧ್ವನಿಮುದ್ರಣ ಸಲಕರಣೆ ಕೊಡುವ ಯೋಜನೆ ಅವರ ಕಾಲದ್ದು. ಹೊಸ ಹಾಡನ್ನು ಯಾರೋ ಬಂದು ಮುದ್ರಿಸಲಿ ಎಂದು ಕಾಯಬೇಕಿಲ್ಲ, ತಂಡಗಳೇ ಮುದ್ರಿಸಿಕೊಳ್ಳಬಹುದು. 2008ರಲ್ಲಿ ಹುದ್ದೆ ಬಿಟ್ಟು ಮತ್ತೆ ಸಂಗೀತಕ್ಕೆ ಮರಳಿದರು. 2022ರಲ್ಲಿ ಬ್ರೆಜಿಲ್ ಸಾಹಿತ್ಯ ಅಕಾಡೆಮಿಯಲ್ಲಿ ಪೀಠವೇರಿದರು.

ಓದು ಬೇಕೋ, ಹಾಡು ಬೇಕೋ ಎಂಬ ಜಗಳ ಎಷ್ಟೋ ಮನೆಗಳಲ್ಲಿದೆ. ಗಿಲ್ ಎರಡನ್ನೂ ಕಲಿತರು. ಹಾಡಿಗಾಗಿ ನೌಕರಿ ಬಿಟ್ಟರು, ಸೆರೆಯನ್ನೂ ಕಂಡರು. ಆಡಳಿತ ಓದಿದ್ದ ಹುಡುಗನಿಗೆ ದೇಶದ ಒಂದು ಇಲಾಖೆಯನ್ನೇ ಆಳುವ ಕಾಲ ಬಂದಾಗ ವಯಸ್ಸು ಅರವತ್ತಾಗಿತ್ತು.