ಗುಳಿಗೆಗೆ ಮಿದುಳಿನ ಮರುತ್ತರ

1952ರಲ್ಲಿ ಪ್ಯಾರಿಸ್ಸಿನ ವೈದ್ಯರಾದ ದಲೇ ಮತ್ತು ದನಿಕೇರ್ ಚಿತ್ತವಿಕಲರಿಗೆ ಕ್ಲೋರ್‌ಪ್ರೊಮಝೀನ್ ಎಂಬ ಔಷಧವನ್ನು ಕೊಟ್ಟರು. ಉದ್ರೇಕ ತಗ್ಗಿತು, ಭ್ರಮೆಗಳು ಇಳಿದವು. ಆದರೆ ಅದು ಹೇಗೆಂಬುದರ ಸುಳಿವು ದೊರೆತುದು ಸ್ವೀಡನ್ನಿನ ವಿಜ್ಞಾನಿ ಆರ್ವಿಡ್ ಕಾರ್ಲ್‌ಸನ್ನರ 1963ರ ಪ್ರಯೋಗಗಳಿಂದ.

ಡೋಪಮೀನ್ ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿಯನ್ನೊಯ್ಯುವ ದ್ರವ್ಯ. ಔಷಧವು ಈ ದೂತನನ್ನು ಕೊಲ್ಲುವುದಿಲ್ಲ. ಅವನು ತಟ್ಟಬೇಕಾದ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಇಂಥ ಹೆಚ್ಚಿನ ಔಷಧಗಳಲ್ಲಿ ನೂರಕ್ಕೆ ಸುಮಾರು 65 ಬಾಗಿಲುಗಳು ಮುಚ್ಚಿದಾಗ ಗುಣ ಕಾಣುವುದು. 80 ಮೀರಿದರೆ ಮೈ ಬಿಗಿಯುವುದು, ಕೈ ನಡುಗುವುದು.

ಆದರೆ ಮಿದುಳು ಕೈಕಟ್ಟಿ ಕುಳಿತಿರುವುದಿಲ್ಲ. ಬಹುಕಾಲ ಔಷಧ ಕೊಟ್ಟ ಇಲಿಗಳ ಮಿದುಳಿನಲ್ಲಿ ಇಂಥ ಬಾಗಿಲುಗಳ ಸಂಖ್ಯೆಯೇ ಹೆಚ್ಚಿದ್ದುದು ಕಂಡುಬಂದಿದೆ. ವರ್ಷಗಟ್ಟಲೆ ಗುಳಿಗೆ ನುಂಗಿದ ಕೆಲವರಲ್ಲಿ ತುಟಿ, ನಾಲಗೆ, ದವಡೆಗಳು ತಾವಾಗಿಯೇ ಆಡತೊಡಗುವುದಕ್ಕೆ ಇದೂ ಒಂದು ಕಾರಣವೆಂದು ತಜ್ಞರು ಬಗೆಯುತ್ತಾರೆ. ಮನೆಯವರು ಅದನ್ನು ಚೇಷ್ಟೆಯೆಂದು ಗದರುವುದುಂಟು. ಅದು ರೋಗಿಯ ಇಚ್ಛೆಗೆ ಒಳಪಟ್ಟುದಲ್ಲ.

ಹಾಗೆಂದು ಔಷಧವನ್ನು ಥಟ್ಟನೆ ಬಿಟ್ಟರೆ ಅಪಾಯ ಇನ್ನೂ ದೊಡ್ಡದು. ಹೆಚ್ಚಿದ ಬಾಗಿಲುಗಳೆಲ್ಲ ಒಮ್ಮೆಗೇ ತೆರೆದುಕೊಂಡು, ರೋಗ ಮೊದಲಿಗಿಂತ ಪ್ರಬಲವಾಗಿ ಮರಳಬಹುದು. ಅಡಗಿದ್ದ ಬಾಯಿಯ ಚಲನೆಯೂ ಹೊರಬೀಳಬಹುದು. ಆದುದರಿಂದ ‘ಈಗ ಗುಣವಾಯಿತಲ್ಲ, ಇನ್ನೇಕೆ ಗುಳಿಗೆ?’ ಎಂಬ ಪ್ರಶ್ನೆಗೆ ಉತ್ತರ ಮನೆಯಲ್ಲಿ ತೀರ್ಮಾನವಾಗತಕ್ಕುದಲ್ಲ. ಪ್ರಮಾಣವನ್ನು ತಗ್ಗಿಸುವುದೋ, ಔಷಧವನ್ನು ಬದಲಿಸುವುದೋ ವೈದ್ಯರ ಕೆಲಸ. ಅದೂ ತಿಂಗಳುಗಟ್ಟಲೆ, ಮೆಟ್ಟಿಲು ಮೆಟ್ಟಿಲಾಗಿ. ತುಟಿಯ ಮೊದಲ ಅದುರನ್ನು ಕಂಡೊಡನೆ ಅವರಿಗೆ ತಿಳಿಸುವುದು ಮನೆಯವರ ಕೆಲಸ.